ಕಂಬದ ಮೇಲಿನ ಹೆಸರು

ನಾನು ಮನೆಯೊಳಗೆ ಕುಳಿತಿರುವಾಗಲೇ ಮನೆ ಖಾಲಿಯಾಗಿದೆ ಎಂದು ತೀರ್ಮಾನಿಸಿ ತಂತಿ ಕತ್ತರಿಸಿ ಹೋಗಿದ್ದರು. ಕತ್ತರಿಸಿದವರು ಕಳ್ಳರಲ್ಲ, ನನ್ನ ಮೇಲೆ ಹಗೆ ಇದ್ದವರೂ ಅಲ್ಲ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಓಣಿಗೆ ಇಂಟರ್ನೆಟ್ ಕೊಡುವ ಕೇಬಲ್ ಅಂಗಡಿಯವರು. ಬೀದಿಗೆ ಇಲ್ಲಿ ಓಣಿ ಎನ್ನುತ್ತಾರೆ. ಸಂಜೆ ಆರೂಮುಕ್ಕಾಲಿಗೆ ಪಡಸಾಲೆಯ ಮೂಲೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹೋಗಿ ಕೆಂಪು ಬಂತು. ನಾನು ಮೊದಲು ಮಾಡಿದ್ದು ಪ್ಲಗ್ ಕಿತ್ತು ಮತ್ತೆ ಹಾಕಿದ್ದು. ಎರಡನೆಯದಾಗಿ, ನಾನೇನು ತಪ್ಪು ಮಾಡಿದೆ ಎಂದು ಯೋಚಿಸಿದ್ದು. ನನ್ನ ಸ್ವಭಾವವೇ ಅದು. ಓಣಿಯ ಟ್ರಾನ್ಸ್‌ಫಾರ್ಮರ್ ಸಿಡಿದರೂ ನಾನು ಮಿಕ್ಸಿ ಹಾಕಿದ್ದಕ್ಕೇ ಇರಬೇಕು ಎಂದುಕೊಳ್ಳುವವಳು.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದೆ. ಅದನ್ನು ನಡೆಸುವ ಈರಣ್ಣ ನನಗಿಂತ ಐದಾರು ವರ್ಷ ಚಿಕ್ಕವರು. ಹಣೆಗೆ ವಿಭೂತಿ, ಕಿವಿಗೆ ಸಿಕ್ಕಿಸಿದ ಪೆನ್ನು, ಎದುರಿಗೆ ಕಂಪ್ಯೂಟರ್ ಇದ್ದರೂ ಕೈಯಲ್ಲಿ ಉದ್ದನೆಯ ವಹಿ. ವಹಿ ಎಂದರೆ ನಮ್ಮ ನೋಟ್ ಪುಸ್ತಕ.

“ಹುಣಸಿಮರದವ್ರು ಹೋದ್ರಲ್ರಿ,” ಎಂದರು. “ಗಾಡಿಗೆ ಸಾಮಾನ ಏರಿಸೂದು ನಮ್ಮ ಲೈನ್‌ಮನ್ ನೋಡ್ಯಾನ. ಮನಿ ಖಾಲಿ ಆತು, ವೈರ್ ತಗದ.”

“ಮನೆ ಖಾಲಿಯಾಗಿಲ್ಲ. ನಾನಿದ್ದೀನಲ್ಲ.”

ಈರಣ್ಣ ಕನ್ನಡಕ ಮೇಲೆತ್ತಿ ನೋಡಿದರು. “ನೀವಿದ್ದೀರಿ, ಖರೆ. ದಿನಾ ಹೋಗೂದು ಬರೂದು ನೋಡ್ತೇನಿ. ಲೈಬ್ರರಿ ಅಕ್ಕಾರಲ್ಲ? ಆದ್ರ ವಹಿಯೊಳಗ ನೀವು ಇಲ್ರಿ. ನಿಮ್ಮ ಅಡ್ಡೆಸರ ಏನ್ರಿ?”

“ಅಡ್ಡಹೆಸರು ಇಲ್ಲ.”

“ಮರತ್ರೇನು?”

“ಮರೆತಿಲ್ಲ. ನಮ್ಮ ಕಡೆ ಇರೋದಿಲ್ಲ.”

ಅವರು ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರ ಕಡೆಗೆ ತಿರುಗಿದರು. “ಕೇಳಿರೇನು ಕಾಕಾ? ಇವ್ರಿಗೆ ಅಡ್ಡೆಸರನ ಇಲ್ಲಂತ.”

ಹಿರಿಯರು ನನ್ನನ್ನು ಮರುಕದಿಂದ ನೋಡಿದರು. “ಕುಂಡ್ರವಾ,” ಎಂದರು. “ಮೊದಲ ಚಾ ಕುಡಿ.”

ನಮ್ಮೂರು ಮುಳಬಾಗಿಲಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ಈ ಮರುಕ ಅರ್ಥವಾಗಲಿಕ್ಕಿಲ್ಲ. ನಮಗೆ ಹೆಸರಿನ ಮುಂದೆ ಎರಡು ಅಕ್ಷರವಿದ್ದರೆ ಜೀವನ ನಡೆದುಹೋಗುತ್ತದೆ. ಇಲ್ಲಿ ಮನುಷ್ಯರನ್ನು ಹಿಡಿದು ನಿಲ್ಲಿಸುವುದೇ ಹೆಸರಿನ ಹಿಂದಿನ ಮನೆತನದ ಹೆಸರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ. ಕಾಲೇಜಿಗೆ ಸೇರಿದ ಮೊದಲ ವಾರ ಪುಸ್ತಕ ಪಡೆದ ವಿದ್ಯಾರ್ಥಿಗಳ ಪಟ್ಟಿಯೊಂದು ಮೇಜಿನ ಮೇಲಿತ್ತು. ಯಾರೋ ದಿನಸಿ ಚೀಟಿ ಬಿಟ್ಟುಹೋಗಿದ್ದಾರೆಂದು ನಾನದನ್ನು ಜವಾನರಿಗೆ ಕೊಟ್ಟುಬಿಟ್ಟಿದ್ದೆ.

ನಾನು ಗದಗಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಖಾಸಗಿ ಕಾಲೇಜೊಂದರ ಗ್ರಂಥಪಾಲಕಿಯಾಗಿ. ಮದುವೆ ಆಗಲಿಲ್ಲ. ಆಗದ್ದಕ್ಕೆ ಕಥೆಯೇನೂ ಇಲ್ಲ, ಬಂದ ಸಂಬಂಧಗಳನ್ನೆಲ್ಲ ನಾನು ಬಹಳ ಯೋಚಿಸಿದೆ, ಅಷ್ಟರಲ್ಲಿ ಅವರು ಬೇರೆ ಕಡೆ ನೋಡಿಕೊಂಡರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಮ್ಮ ಮಂಜುವಿನ ಸಂಸಾರದ ಜೊತೆಗಿದ್ದೆ. ಊರಿನಲ್ಲಿದ್ದ ಕೆಲಸ ಹೋಯಿತು, ಇಲ್ಲಿ ಸಿಕ್ಕಿತು. ಒಂದು ವರ್ಷಕ್ಕೆ ಎಂದುಕೊಂಡು ಒಂದು ಚೀಲ ಹಿಡಿದು ಬಂದೆ. ಎರಡನೆಯ ಚೀಲವನ್ನು ಇವತ್ತಿಗೂ ತಂದಿಲ್ಲ, ಬೇಕಾದ್ದನ್ನು ಇಲ್ಲೇ ಕೊಂಡೆ.

ಮನೆ ಹುಡುಕಿ ಕೊಟ್ಟವಳು ಶೋಭಾ. ಶಿರಹಟ್ಟಿಯವಳು, ಗದಗಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ನನಗಿಂತ ಹತ್ತು ವರ್ಷ ಚಿಕ್ಕವಳು. ಹುಣಸಿಮರದ ಎನ್ನುವುದು ಅವಳ ಅಡ್ಡಹೆಸರು. ಅವಳು ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಕಲ್ಲಿನ ಮನೆ. ಗೋಡೆ ಎಷ್ಟು ದಪ್ಪವೆಂದರೆ ಬೇಸಿಗೆ ಒಳಗೆ ಬರುವುದಿಲ್ಲ, ಫೋನಿನ ಸಿಗ್ನಲ್ಲೂ ಬರುವುದಿಲ್ಲ. ಕೆಳಗಿನ ಮನೆಯಲ್ಲಿ ಮಾಲಕಿ ಗೌರವ್ವ ಇದ್ದರು. ಬಾಡಿಗೆ ಕರಾರು ಪತ್ರದ ಮಾತೆತ್ತಿದ್ದಕ್ಕೆ, “ಕಾಗದ ಯಾಕವಾ? ನಿನ್ನ ಮಾರಿ ನೋಡಿದ್ನೆಲ್ಲ, ಸಾಕು,” ಎಂದರು. ಮಾರಿ ಎಂದರೆ ಮುಖ. ನನ್ನ ಮುಖ ನೋಡಿ ಯಾರಾದರೂ ನಂಬಿದ್ದು ಅದೇ ಮೊದಲು, ಅದಕ್ಕೂ ಸ್ವಲ್ಪ ಚಿಂತೆ ಮಾಡಿದೆ.

ನೀರು ದಿನಾ ಬರುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ಕೊಳವೆಬಾವಿಯೂ ಬತ್ತುವ ನಮ್ಮ ಜಿಲ್ಲೆಯವಳನ್ನು ನೀರಿನ ವಿಷಯದಲ್ಲಿ ಹೆದರಿಸಲು ಬರುತ್ತಾರೆಂದು ನಗು ಬಂತು. ಕೊಡ ಜೋಡಿಸಿಡುವುದರಲ್ಲಿ ನಾನು ಇಡೀ ಓಣಿಗೆ ಮಾದರಿಯಾದೆ. ಸೋತದ್ದು ರೊಟ್ಟಿಯಲ್ಲಿ. ಮುದ್ದೆ ತಿರುವಿದ ಕೈಗೆ ಜೋಳದ ಹಿಟ್ಟು ಒಗ್ಗಲಿಲ್ಲ. ನಮ್ಮಲ್ಲಿ ಹಿಟ್ಟು ಒಳಗೆ ಸೇರಿ ಗುಂಡಗಾಗುತ್ತದೆ, ಇಲ್ಲಿ ಬಡಿತ ತಿಂದು ಅಗಲವಾಗುತ್ತದೆ. ನಾನು ಬಡಿದ ಮೊದಲ ರೊಟ್ಟಿಯನ್ನು ಶೋಭಾ ಎತ್ತಿ ಬೆಳಕಿಗೆ ಹಿಡಿದಳು.

“ಇದು ರೊಟ್ಟಿ ಅಲ್ರಿ ಅಕ್ಕಾರ, ಗದಗ ಜಿಲ್ಲಾ ನಕಾಶಿ. ಇಲ್ಲೆ ಮೂಲ್ಯಾಗ ನೋಡ್ರಿ, ನಮ್ಮ ಶಿರಹಟ್ಟಿ. ಈ ತೂತು ಐತಲ್ಲ, ಇದು ಡಂಬಳದ ಕೆರಿ.”

ನಾಲ್ಕು ವರ್ಷದಲ್ಲಿ ನನ್ನ ರೊಟ್ಟಿ ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದಿದೆ. ದುಂಡಗಿನ ಭೂಮಿ ಇನ್ನೂ ಕಂಡಿಲ್ಲ.

ಕಳೆದ ತಿಂಗಳು ಶೋಭಾಳಿಗೆ ಮುಂಡರಗಿಗೆ ವರ್ಗವಾಯಿತು. ಆಸ್ಪತ್ರೆಯ ಆವರಣದಲ್ಲೇ ವಸತಿ. ಗೌರವ್ವ ಅವಳ ಉಡಿ ತುಂಬಿದರು, ಅವಳು ನನಗೆ ರೊಟ್ಟಿ ಹಂಚು ಬಿಟ್ಟು ಹೋದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಬೇಜಾರಾಗಬೇಕಿತ್ತು. ಅದರ ಬದಲು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಯೋಚನೆ ಬಂತು. ಒಳಗೆ ಹೋಗಿ ನೋಡಿದೆ. ಆರಿತ್ತು. ಮಾರನೆಯ ಸಂಜೆ ಕೆಂಪು ದೀಪ.

ಈಗ ಅಂಗಡಿಗೆ ಮರಳುತ್ತೇನೆ. ಹಿರಿಯರು ಕೊಡಿಸಿದ ಚಹಾ ಮುಗಿಯುವಷ್ಟರಲ್ಲಿ ಈರಣ್ಣ ವಿಷಯ ಬಿಡಿಸಿ ಹೇಳಿದರು. ಖಾತೆ ಶೋಭಾಳ ಹೆಸರಿನಲ್ಲಿದೆ. ಅದನ್ನು ನನ್ನ ಹೆಸರಿಗೆ ಮಾಡಬಹುದು. ಹೊರಡುವವಳ ಒಪ್ಪಿಗೆ ಬೇಕು. ಉಳಿಯುವವಳ ಆಧಾರ್ ಬೇಕು.

“ಆಧಾರ್ ಇದೆ,” ಎಂದು ಚೀಲದಿಂದ ತೆಗೆದೆ. ಹೆಚ್ಚುವರಿ ಪ್ರತಿಗಳು ಮೂರು ಇದ್ದವು. ಚಿಂತೆಯವರ ಚೀಲದಲ್ಲಿ ಇಂಥವು ಇದ್ದೇ ಇರುತ್ತವೆ.

ಈರಣ್ಣ ತಿರುಗಿಸಿ ನೋಡಿದರು. “ಇದು ಮುಳಬಾಗಿಲದ್ದೈತ್ರಿ. ಇಲ್ಲೀ ವಿಳಾಸ ಇರಬೇಕು. ಎಷ್ಟು ವರ್ಷಾತು ಬಂದು?”

“ನಾಲ್ಕು.”

“ನಾಕು ವರ್ಷ ಇಲ್ಲಿದ್ದು ವಿಳಾಸ ಅಲ್ಲಿ ಇಟ್ಟೀರಿ? ಅಲ್ಲಿ ಅದು ಏನ್ ಮಾಡಾಕತ್ತೈತ್ರಿ?”

ಒಳ್ಳೆಯ ಪ್ರಶ್ನೆ. ಪ್ರತಿಗಳನ್ನು ಮಡಚಿ ಚೀಲಕ್ಕೆ ಹಾಕಿದೆ.

“ಹದಿನೈದ ದಿನ ವೈರ್ ಹಂಗ ಜೋಡಿಸಿರ್ತೇನಿ,” ಎಂದರು ಅವರು. “ಆಮ್ಯಾಲ ಮುಂಡರಗಿ ಅಕ್ಕಾರ ಖಾತೆ ಬಂದ್ ಆಗ್ತೈತಿ. ಅಷ್ಟರಾಗ ಇಲ್ಲ್ಯಾವ್ರಾಗಿ ಬರ್ರಿ.”

ಇಲ್ಲಿಯವಳಾಗಿ ಬರಲು ಹದಿನೈದು ದಿನ.

ಇಂಟರ್ನೆಟ್ ಇಲ್ಲದಿದ್ದರೆ ಏನು ಮುಳುಗುತ್ತದೆ ಎಂದು ನೀವು ಕೇಳಬಹುದು. ಮಂಜುವಿನ ಮಗಳು ಸಿಂಧು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ದಿನಾ ಸಂಜೆ ಏಳಕ್ಕೆ ವಿಡಿಯೊದಲ್ಲಿ ನನ್ನೆದುರು ಕೂತು ಪಾಠ ಓದುತ್ತಾಳೆ. ಆ ಮುಕ್ಕಾಲು ಗಂಟೆ ಬಿಟ್ಟರೆ ನಾನು ದಿನಕ್ಕೆ ಮಾತಾಡುವ ಮಾತುಗಳು ‘ಪುಸ್ತಕ ಹಿಂದಿರುಗಿಸಿ’, ‘ಸದ್ದು ಮಾಡಬೇಡಿ’. ಆದರೆ ವಿಳಾಸ ಬದಲಿಸಲು ಭಯವಿತ್ತು. ಆಧಾರ್‌ನಲ್ಲಿ ವಿಳಾಸ ಬದಲಾದರೆ ಊರಿನ ರೇಷನ್ ಕಾರ್ಡಿನಿಂದ ಹೆಸರು ಹೋಗುತ್ತದೆ ಎಂದು ಲಕ್ಷ್ಮೇಶ್ವರದ ಬಸ್ಸಿನಲ್ಲಿ ಯಾರೋ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. ನಿಜವೋ ಸುಳ್ಳೋ ವಿಚಾರಿಸಲಿಲ್ಲ. ವಿಚಾರಿಸಿದರೆ ನಿಜವೇ ಆಗಿಬಿಟ್ಟರೆ?

ಆ ಕಾರ್ಡಿನಲ್ಲಿ ಅಪ್ಪನ ಕಾಲದಿಂದ ನನ್ನ ಹೆಸರಿತ್ತು. ಅಪ್ಪ, ಅಮ್ಮ ಹೋದ ಮೇಲೆ ಮಂಜುವಿನ ಕೆಳಗೆ ನಾನು, ನನ್ನ ಕೆಳಗೆ ನಾದಿನಿ, ಆಮೇಲೆ ಸಿಂಧು. ನಾನು ಹೆದರಿದ್ದು ಅಕ್ಕಿ, ರಾಗಿಗಾಗಿ ಅಲ್ಲ. ನನ್ನ ಮಂಚ ಸಿಂಧುವಿನ ಕೋಣೆ ಸೇರಿತ್ತು. ನನ್ನ ಟ್ರಂಕು ಮೆಟ್ಟಿಲ ಕೆಳಗೆ ಹೋಗಿತ್ತು, ಅದರ ಮೇಲೆ ಪೇಂಟಿನ ಡಬ್ಬಗಳಿದ್ದವು. ಆ ಮನೆಯಲ್ಲಿ ನನ್ನದು ಎಂದು ತೋರಿಸಲು ಉಳಿದದ್ದು ಕಾರ್ಡಿನ ಎರಡನೆಯ ಸಾಲು ಒಂದೇ. ಅದನ್ನು ನಾನೇ ಕೈಯಾರೆ ಅಳಿಸಿದರೆ ತವರಿಗೆ ಯಾವ ಲೆಕ್ಕದಲ್ಲಿ ಹೋಗುವುದು? ಇಷ್ಟು ಯೋಚಿಸಿ, ಏನೂ ಮಾಡದೆ, ಐದು ದಿನ ಕಳೆದೆ.

ಆರನೆಯ ದಿನ ಶೋಭಾ ಫೋನು ಮಾಡಿದಳು. ಮಾತಾಡಲು ಮಾಳಿಗೆ ಹತ್ತಬೇಕಾಯಿತು. ಮಾಳಿಗೆ ಎಂದರೆ ಮನೆಯ ಮೇಲುಗಡೆ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

“ಏನಾತ್ರಿ? ಹೆಸರು ಮಾಡಿಸಿದ್ರೋ ಇಲ್ಲೋ?”

“ನೋಡ್ತಿದೀನಿ.”

“ಏನ್ ನೋಡ್ತೀರಿ? ನಿಮ್ಮ ಹೆಸರಿಗೆ ಮಾಡಿಸ್ಕೋರಿ ಅಂತ ಎರಡ ವರ್ಷದಿಂದ ಹೇಳಾಕತ್ತೇನಿ. ಅಕ್ಕಾರ, ಚಿಂತಿ ಮಾಡಾಕ ನಿಮಗ ಯಾರರ ಪಗಾರ ಕೊಡ್ತಾರೇನ್ರಿ?”

“ಊರಿನ ಕಾರ್ಡಿನಲ್ಲಿ ಹೆಸರು ಹೋಗಿಬಿಟ್ಟರೆ?”

ಅವಳು ವಾರ್ಡಿನಿಂದ ಮಾತಾಡುತ್ತಿದ್ದಳು. ಹಿಂದೆ ಯಾರೋ ಕೆಮ್ಮುತ್ತಿದ್ದರು.

“ತಮ್ಮಗ ಕೇಳ್ರಿ,” ಎಂದಳು ಶೋಭಾ, ಈ ಸಲ ಮೆಲ್ಲಗೆ. “ನೀವು ನಿಮ್ಮಷ್ಟಕ್ಕ ನೀವ ಕೇಳ್ಕೊಂಡು ನೀವ ಉತ್ತರ ಹೇಳ್ಕೋತೀರಿ. ಒಮ್ಮೆ ಬ್ಯಾರೇದವ್ರಿಗೂ ಹೇಳಾಕ ಬಿಡ್ರಿ.”

ಮಂಜುವಿಗೆ ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ. ಹೆಸರು ಹೋದರೂ ನಾನು ಆ ಮನೆಯವಳೇ ತಾನೇ, ಎಂದು ಕೊನೆಯಲ್ಲಿ ನಗುತ್ತಾ ಕೇಳಬೇಕು. ಅವನು, ಇದೇನಕ್ಕ ಹೀಗಂತೀಯ, ಹೆಸರು ತೆಗೆಸಬೇಡ, ಬೇರೆ ದಾರಿ ನೋಡೋಣ ಎನ್ನಬೇಕು. ಅವನ ಮಾತನ್ನೂ ನಾನೇ ಬರೆದಿಟ್ಟಿದ್ದೆ.

ವಿಷಯ ಕೇಳಿ ಅವನು ಅಂದದ್ದು ಬೇರೆ.

“ಅಯ್ಯೋ ಅಕ್ಕ, ನಿನ್ನ ಹೆಸರು ಹೋಗಿ ಎರಡು ವರ್ಷ ಆಯ್ತಲ್ಲ.”

“ಎಲ್ಲಿಂದ?”

“ಕಾರ್ಡಿಂದ. ಎಲ್ರೂ ಬಂದು ರೇಷನ್ ಅಂಗಡೀಲಿ ಬೆರಳು ಒತ್ತಬೇಕು ಅಂದಿದ್ರು. ನಿಂಗೆ ಹೇಳಿದ್ದೆ. ಕಾಲೇಜಲ್ಲಿ ಪರೀಕ್ಷೆ, ರಜಾ ಇಲ್ಲ, ಬರಕ್ಕಾಗಲ್ಲ ಅಂದೆ. ತೆಗೆದಾಕಿದ್ರು.”

“ಹೇಳಲಿಲ್ಲವಲ್ಲೋ ಮಂಜು.”

“ಹೇಳಿದ್ರೆ ನೀನು ನಿದ್ದೆ ಮಾಡ್ತಿದ್ಯಾ? ಅದಕ್ಕೇ ಇವಳು ಬ್ಯಾಡ ಅಂದ್ಳು. ನೀನು ಆರಾಮಾಗಿ ಬದಲಾಯಿಸ್ಕೋ ಅಕ್ಕ, ಇಲ್ಲಿಂದ ಏನೂ ತೊಂದರೆ ಇಲ್ಲ.”

ಇಲ್ಲಿಂದ ಏನೂ ತೊಂದರೆ ಇಲ್ಲ. ಅವನು ಸಮಾಧಾನಕ್ಕೇ ಅಂದದ್ದು. ಮಂಜು ಕೆಟ್ಟವನಲ್ಲ, ನನ್ನ ನಿದ್ದೆಯನ್ನು ಎರಡು ವರ್ಷ ಕಾಪಾಡಿದವನು.

ಫೋನಿಟ್ಟ ಮೇಲೆ ಏನಾದರೂ ಅನ್ನಿಸುತ್ತದೆಂದು ಮಾಳಿಗೆಯ ಮೇಲೆ ನಿಂತು ಕಾದೆ. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಗೌರವ್ವ ಕೆಳಗಿನಿಂದ, ಒಣಹಾಕಿದ ಮೆಣಸಿನಕಾಯಿ ತುಳಿಯಬೇಡವೇ ತಾಯಿ ಎಂದು ಕೂಗಿದರು. ತುಳಿದಿರಲಿಲ್ಲ. ಕೆಳಗಿಳಿದು ಬಂದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಒರೆಸಿದೆ. ಬಟ್ಟೆ ಹಿಂಡಿ ಹಾಕಿದೆ. ಎರಡು ವರ್ಷ ನಾನು ಇಲ್ಲದ ಹೆಸರೊಂದನ್ನು ಕಾವಲು ಕಾದಿದ್ದೆ. ಅದಕ್ಕಾಗಿ ಬಸ್ಸಿನ ಮಾತಿಗೆ ಹೆದರಿದ್ದೆ. ನಗಬಹುದಿತ್ತು, ಅಳಬಹುದಿತ್ತು. ಎರಡೂ ಬರಲಿಲ್ಲ. ಸಂಜೆ ಏಳಕ್ಕೆ ಸಿಂಧು ಬಂದಳು, ಇತಿಹಾಸದ ಪಾಠ ಓದಿದಳು. ತಪ್ಪು ತಿದ್ದಿದೆ.

ಆಮೇಲಿನದೆಲ್ಲ ಸಲೀಸಾಗಿ ಆಯಿತು. ಭಯಕ್ಕೆ ಕಾರಣ ಹೋದ ಮೇಲೆ ಕೆಲಸ ಎಷ್ಟು ಬೇಗ ಆಗುತ್ತದೆಂದರೆ, ಅದೂ ಒಂದು ಅವಮಾನವೇ. ಗೌರವ್ವ ಬಾಡಿಗೆ ಕರಾರಿಗೆ ಸಹಿ ಹಾಕಿದರು. “ನಿನ್ನ ಮಾರಿ ಸರಕಾರಕ್ಕ ಸಾಲಲಿಲ್ಲೇನು?” ಎಂದು ಕೇಳಿದರು. ಆಧಾರ್ ಕೇಂದ್ರದಲ್ಲಿ ಸರದಿಗೆ ಕೂತೆ. ಬೆರಳು ಒತ್ತಿ ಎಂದರು, ಒತ್ತಿದೆ. ಯಂತ್ರ ಮೊದಲ ಸಲಕ್ಕೇ ಗುರುತಿಸಿತು. ಒಂದು ವಾರದೊಳಗೆ ಬೆಟಗೇರಿಯ ಓಣಿಯ ಹೆಸರು ನನ್ನ ಫೋಟೋದ ಹಿಂದೆ ಬಂದು ಕೂತಿತು.

ಹದಿನಾಲ್ಕನೆಯ ದಿನ ಮತ್ತೆ ಈರಣ್ಣನವರ ಎದುರು ಕುಳಿತೆ.

“ಹೆಸರ ಹೇಳ್ರಿ ಈಗ.”

“ಎಂ. ಎನ್. ಯಶೋದ.”

“ಎಂ ಅಂದ್ರ?”

“ಮುಳಬಾಗಿಲು. ಎನ್ ಅಂದರೆ ನಾರಾಯಣಪ್ಪ, ನಮ್ಮಪ್ಪ.”

ಅವರು ಪೆನ್ನು ಕೆಳಗಿಟ್ಟರು. “ಹಂಗಂದ್ರ ನಿಮ್ಮಲ್ಲಿ ಊರು ಮುಂದ, ಅಪ್ಪ ನಡುವ, ನೀವು ಎಲ್ಲಾರ ಹಿಂದ ನಿಂದರ್ತೀರಿ?”

ನಾನು ಇದನ್ನು ಎಂದೂ ಹೀಗೆ ನೋಡಿರಲಿಲ್ಲ. “ಹೌದು.”

“ನಮ್ಮಲ್ಲಿ ಮೊದಲ ನಾವು. ನಮ್ಮ ಹಿಂದ ಅಪ್ಪ. ಅವನ ಹಿಂದ ಮನೆತನ. ಹಿಂದ ಇಷ್ಟು ಮಂದಿ ಇದ್ದಾರ ಅಂತ ಧೈರ್ಯ ನೋಡ್ರಿ.” ವಹಿ ಎಳೆದುಕೊಂಡರು. “ಹಂಗಾದ್ರ ತಿರುವಿ ಬರೀತೇನಿ. ಯಶೋದಾ, ನಾರಾಯಣಪ್ಪ, ಮುಳಬಾಗಿಲ. ಆತಲ್ಲ? ಅಡ್ಡೆಸರ ಇಲ್ಲ ಇಲ್ಲ ಅಂದ್ರಿ, ನಿಮ್ಮ ಕಡೇನ ಇತ್ತು. ಮಾರಿ ಮುಂದ ಹಿಡಕೊಂಡು ನಿಂತಿದ್ರಿ, ಕಾಣಿಸಲಿಲ್ಲ.”

ಶೋಭಾಳ ಫೋನಿಗೆ ಒಂದು ಸಂಖ್ಯೆ ಹೋಗಿ, ಅದನ್ನು ಅವಳು ನಮಗೆ ಹೇಳಬೇಕಿತ್ತು. ಈರಣ್ಣ ಸ್ಪೀಕರ್ ಹಾಕಿದರು. ಅವಳು ವಾರ್ಡಿನ ಗದ್ದಲದ ನಡುವೆ ಆರು ಅಂಕಿಗಳನ್ನು ಒಂದೊಂದಾಗಿ ಹೇಳಿದಳು. “ಆತೇನ್ರಿ? ನಾ ಬಿಡುಗಡೆ ಆದ್ನೆ?” ಎಂದಳು. “ಆತ್ರಿ,” ಎಂದರು ಈರಣ್ಣ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಯಾರೋ ಸಿಸ್ಟರ್ ಎಂದು ಕರೆದರು, ಫೋನು ನಿಂತಿತು.

ಸಂಜೆ ಲೈನ್‌ಮನ್ ಬಂದು ಕಂಬಕ್ಕೆ ಏಣಿ ಹಾಕಿದ. ಕಂಬದ ಪೆಟ್ಟಿಗೆಯಿಂದ ಹೊರಡುವ ಪ್ರತಿ ತಂತಿಗೂ ಬಿಳಿ ಅಂಟುಪಟ್ಟಿ ಸುತ್ತಿ ಮನೆತನದ ಹೆಸರು ಬರೆಯುವುದು ಅವರ ಪದ್ಧತಿ. ಹುಣಸಿಮರದ ಎಂಬುದನ್ನು ಕಿತ್ತ. ಹೊಸ ಪಟ್ಟಿಯ ಮೇಲೆ ಬರೆದ. ಎಡಕ್ಕೆ ಉಪ್ಪಿನ, ಬಲಕ್ಕೆ ಬಡಿಗೇರ, ನಡುವೆ ಮುಳಬಾಗಿಲ. ನಾನು ಕೆಳಗೆ ನಿಂತು ಕತ್ತು ಎತ್ತಿ ನೋಡಿದೆ. ಅಕ್ಷರ ಚೆನ್ನಾಗಿತ್ತು. ಮಳೆಗೆ ಹೋಗುತ್ತದೇನಪ್ಪಾ ಎಂದು ಕೇಳಿದೆ. “ಹೋಗಂಗಿಲ್ರಿ, ಪಕ್ಕಾ ಶಾಯಿ,” ಎಂದ.

ಮೂರು ದಿನ ರಜೆ ಸಿಕ್ಕಿದಾಗ ಊರಿಗೆ ಹೋದೆ. ರೈಲು, ಬಸ್ಸು, ಮತ್ತೊಂದು ಬಸ್ಸು. ನಾದಿನಿ ಬಾಗಿಲಲ್ಲೇ ಕೈಯಿಂದ ಚೀಲ ತೆಗೆದುಕೊಂಡಳು. ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಎರಡು ಮುದ್ದೆ ಉಂಡೆ. ಕಾರ್ಡಿನ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾನು ಬಾಯಿತಪ್ಪಿ, “ಭಾಳ ಚಲೋ ಆಗೇತಿ,” ಎಂದೆ. ಎಲ್ಲರೂ ನಕ್ಕರು. ಮಂಜು, “ನೋಡೇ, ಗದಗಿನೋರು ಬಂದವ್ರೆ, ಇನ್ನೊಂದು ಮುದ್ದೆ ಇಕ್ಕು,” ಎಂದ. ನಾನೂ ನಕ್ಕೆ.

ಊಟದ ಮೇಲೆ ಕಾಲೇಜಿನಿಂದ ಬಂದ ಸಂದೇಶ ನೋಡಬೇಕಿತ್ತು. ಮಂಜು ಹೊಸ ಕಂಪನಿಯ ಇಂಟರ್ನೆಟ್ ಹಾಕಿಸಿದ್ದ, ನನ್ನ ಫೋನಿಗೆ ಅದು ಸಿಗಲಿಲ್ಲ. ಸಿಂಧುವನ್ನು ಕರೆದು ಪಾಸ್‌ವರ್ಡ್ ಕೇಳಿದೆ. ಅವಳು ತನ್ನ ಮಂಚದ ಮೇಲೆ, ಅಂದರೆ ನನ್ನ ಹಳೆಯ ಮಂಚದ ಮೇಲೆ, ಬೋರಲು ಮಲಗಿ ಏನೋ ಬರೆಯುತ್ತಿದ್ದಳು.

“ಅದು ತುಂಬ ಉದ್ದ ಅತ್ತೆ, ಅಪ್ಪಂಗೆ ಮಾತ್ರ ಗೊತ್ತು. ಕೆಳಗೆ ಗೆಸ್ಟ್ ಅಂತ ಇದೆ ನೋಡು. ಅದು ಒತ್ತು. ಬಂದೋರಿಗೆಲ್ಲ ಅದೇ ಕೊಡೋದು, ಪಾಸ್‌ವರ್ಡೇ ಬೇಡ.”

ಒತ್ತಿದೆ.

“ಬಂತಾ?” ಎಂದಳು, ತಲೆ ಎತ್ತದೆ.

“ಬಂತು,” ಎಂದೆ.

ಚೆನ್ನಾಗಿಯೇ ಬರುತ್ತಿತ್ತು. ಬೆಟಗೇರಿಯದಕ್ಕಿಂತ ವೇಗವಾಗಿತ್ತು, ಅದರಲ್ಲಿ ಸುಳ್ಳು ಹೇಳಬಾರದು. ನಾನು ಗೋಡೆಗೆ ಒರಗಿ ಕುಳಿತು ಸಂದೇಶ ಓದಿದೆ. ನಾದಿನಿ ಪಕ್ಕದ ಕೋಣೆಯಲ್ಲಿ ನನಗೆ ಹಾಸಿಗೆ ಹಾಸುತ್ತಿದ್ದಳು. ಒಗೆದ ಹೊದಿಕೆ ತೆಗೆದಿದ್ದಳು, ನೆಂಟರಿಗೆ ತೆಗೆಯುವಂಥದ್ದು.